ಲೋಡ್ ಹಾಕಿದರೆ ಗಾಡಿ ಎಳೆಯುತ್ತಿಲ್ಲ: ಕ್ಯಾಟ್‌ಕಾನ್ ಕಟ್ಟಿದೆಯಾ?

ಪ್ರಶ್ನೆ: ನನ್ನದು 2017ರ ಬಿಎಸ್4 ಡೀಸೆಲ್ ಪಿಕಪ್. ಎರಡೂವರೆ ಲೀಟರ್ ಟರ್ಬೊ ಇಂಜಿನ್, 2.6 ಲಕ್ಷ ಕಿಲೋಮೀಟರ್ ಓಡಿದೆ. ಸೇಡಂ ಕಡೆಯ ಹಳ್ಳಿಗಳಿಂದ ಕಲಬುರಗಿ ಗಂಜ್ ಮಾರುಕಟ್ಟೆಗೆ ತೊಗರಿ ಹೊಡೆಯುತ್ತೇನೆ, ನಡುವೆ ಬೀದರ್‌ಗೂ ಬಾಡಿಗೆ ಹೋಗುತ್ತೇನೆ. ಎರಡು ತಿಂಗಳಿಂದ ಗಾಡಿ ಎಳೆಯುತ್ತಿಲ್ಲ. ಖಾಲಿ ಇದ್ದರೆ ಏನೂ ಗೊತ್ತಾಗುವುದಿಲ್ಲ. ಲೋಡ್ ಹಾಕಿ ಬೀದರ್ ದಾರಿಯ ಕಮಲಾಪುರ ದಾಟಿದರೆ ಮೂರನೇ ಗೇರ್‌ನಲ್ಲೇ ನಿಂತುಬಿಡುತ್ತದೆ, ಹಿಂದೆ ಕಪ್ಪು ಹೊಗೆ. ಲೀಟರಿಗೆ 13 ಕೊಡುತ್ತಿದ್ದದ್ದು ಈಗ 9. ಒಬ್ಬ ಮಿಸ್ತ್ರಿ ‘ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆ ಶುದ್ಧ ಮಾಡುವ ಡಬ್ಬಿ) ಜಾಮ್ ಆಗ್ಯಾದ್ರಿ, ಒಡದು ಖಾಲಿ ಮಾಡೂಣು’ ಅಂದರು. ಇನ್ನೊಬ್ಬರು ಟರ್ಬೊ ಹೋಗಿದೆ ಅನ್ನುತ್ತಾರೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ವ್ಯಾಕ್ಯೂಮ್ ಗೇಜ್ ತಂದು ಹಚ್ಚಿದೆ, ರೇಸ್ ಕೊಟ್ಟರೂ ಮುಳ್ಳು ಅಲ್ಲಾಡಲಿಲ್ಲ. ಯಾರ ಮಾತು ನಂಬಲಿ ಅಣ್ಣಾ?

ಉತ್ತರ: ಮೊದಲು ಆ ಗೇಜ್ ವಿಷಯ ಮುಗಿಸೋಣ. ನಿಮ್ಮ ಗೇಜ್ ಕೆಟ್ಟಿಲ್ಲ. ಆ ವಿಡಿಯೊ ಪೆಟ್ರೋಲ್ ಗಾಡಿಯದು. ಪೆಟ್ರೋಲ್ ಇಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಒಳಗೆ ಎಳೆತ ಹುಟ್ಟುತ್ತದೆ. ಹಿಂದೆ ದಾರಿ ಕಟ್ಟಿದ್ದರೆ, ರೇಸ್ ಹಿಡಿದಿಟ್ಟಂತೆ ಆ ಎಳೆತ ನಿಧಾನಕ್ಕೆ ಕುಸಿಯುತ್ತದೆ, ಅದನ್ನು ಮುಳ್ಳು ತೋರಿಸುತ್ತದೆ. ನಿಮ್ಮ ಕಾಲದ ಡೀಸೆಲ್ ಪಿಕಪ್‌ನಲ್ಲಿ ಗಾಳಿಯನ್ನು ಹಾಗೆ ತಡೆಯುವ ಬಾಗಿಲು ಸಾಮಾನ್ಯವಾಗಿ ಇರುವುದಿಲ್ಲ. ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮನ್ನು ಬೇರೆ ಪಂಪ್ ತಯಾರು ಮಾಡುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ. ನೀವು ಗೇಜ್ ಹಚ್ಚಿದ್ದು ಬ್ರೇಕ್ ಬೂಸ್ಟರ್ ಪೈಪಿಗೆ ಅಲ್ವಾ? ಹಾಗಾದರೆ ನೀವು ಅಳೆದದ್ದು ಆ ಪಂಪನ್ನು. ಮುಳ್ಳು ಮೇಲೇರಿ ಅಲ್ಲೇ ನಿಂತಿದ್ದರೆ ಪಂಪ್ ಚೆನ್ನಾಗಿದೆ ಅಂತ ಗೊತ್ತಾಯಿತು, ಅಷ್ಟೇ ಲಾಭ.

ಇನ್ನು ಇಬ್ಬರು ಮಿಸ್ತ್ರಿಗಳ ಮಾತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕ್ಯಾಟ್‌ಕಾನ್ ಕಟ್ಟಿದರೂ ಟರ್ಬೊ ಸೋತರೂ ಹೊರಗೆ ಕಾಣುವ ಲಕ್ಷಣ ಒಂದೇ. ಇಂಜಿನ್‌ಗೆ ಗಾಳಿ ತುಂಬುವ ಟರ್ಬೊ ತಿರುಗುವುದು ಹೊಗೆಯ ತಳ್ಳಾಟದಿಂದ. ಮುಂದೆ ಒತ್ತಡ ಜಾಸ್ತಿ, ಹಿಂದೆ ಕಡಿಮೆ ಇರಬೇಕು. ಆಗ ಚಕ್ರ ಜೋರಾಗಿ ತಿರುಗುತ್ತದೆ. ಹಿಂದಿನ ದಾರಿ ಕಟ್ಟಿದರೆ ಎರಡೂ ಕಡೆ ಒತ್ತಡ ಸಮೀಪ ಬರುತ್ತದೆ, ಟರ್ಬೊ ಮಂಕಾಗುತ್ತದೆ, ಇಂಜಿನ್‌ಗೆ ಗಾಳಿ ಸಾಲುವುದಿಲ್ಲ, ಡೀಸೆಲ್ ಪೂರ್ತಿ ಸುಡದೆ ಕಪ್ಪು ಹೊಗೆಯಾಗಿ ಹೋಗುತ್ತದೆ. ಹೊಸ ಟರ್ಬೊ ಹಾಕಿಸಿದರೂ ಅದೇ ಕಥೆ. ಹಾಗಾಗಿ ಲಕ್ಷಣ ನೋಡಿ ತೀರ್ಪು ಕೊಡುವ ಹಾಗಿಲ್ಲ. ಬಿಚ್ಚಿ ನೋಡಬೇಕು.

ಖಾಲಿ ಇದ್ದಾಗ ಯಾಕೆ ಗೊತ್ತಾಗುವುದಿಲ್ಲ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎರಡೂವರೆ ಲೀಟರ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಎರಡೂವರೆ ಲೀಟರ್ ಗಾಳಿ ನುಂಗುತ್ತದೆ. ಐಡಲ್‌ನಲ್ಲಿ, ಅಂದರೆ ನಿಮಿಷಕ್ಕೆ 800 ಸುತ್ತಿನಲ್ಲಿ, ಅದು 1,000 ಲೀಟರ್. ಮನೆ ಮಾಳಿಗೆ ಮೇಲಿನ ಒಂದು ನೀರಿನ ಟ್ಯಾಂಕ್ ಅಂದುಕೊಳ್ಳಿ. 3,000 ಸುತ್ತಿನಲ್ಲಿ 3,750 ಲೀಟರ್, ಹೆಚ್ಚುಕಡಿಮೆ ನಾಲ್ಕು ಟ್ಯಾಂಕ್. ಇದು ಟರ್ಬೊ ಇಲ್ಲದ ಲೆಕ್ಕ. ಟರ್ಬೊ ತುಂಬುವುದು ಇನ್ನೂ ಜಾಸ್ತಿ. ಹೊರಗೆ ಹೋಗುವಾಗ ಅದೇ ಗಾಳಿ ಕಾದು ಉಬ್ಬಿರುತ್ತದೆ. ಒಂದು ಟ್ಯಾಂಕ್ ಗಾಳಿ ಅರ್ಧ ಮುಚ್ಚಿದ ದಾರಿಯಲ್ಲಿ ಹೇಗೋ ನುಸುಳುತ್ತದೆ. ನಾಲ್ಕು ಟ್ಯಾಂಕ್ ನುಸುಳುವುದಿಲ್ಲ. ಅದಕ್ಕೇ ಗ್ಯಾರೇಜ್ ಮುಂದೆ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಕೈ ಹಿಡಿದು ‘ಗಾಳಿ ಬರ್ತಾ ಇದೆ, ಕ್ಯಾಟ್‌ಕಾನ್ ಸರಿ ಇದೆ’ ಅನ್ನುವವರನ್ನು ನಾನು ನಂಬುವುದಿಲ್ಲ. ಕಲಬುರಗಿಯಿಂದ ಬೀದರ್‌ಗೆ ಹೋಗುವಾಗ ಒಟ್ಟು ಎತ್ತರ ಸುಮಾರು 200ರಿಂದ 250 ಮೀಟರ್ ಏರುತ್ತದೆ. ನಿಮ್ಮ ಗಾಡಿ ಸೇಡಂ ರಸ್ತೆಯಲ್ಲಿ ಮುಚ್ಚಿಟ್ಟ ರೋಗವನ್ನು ಕಮಲಾಪುರದ ಆಚೆ ಬಾಯಿ ಬಿಡುವುದು ಅದಕ್ಕೇ.

ಆದರೆ ಸೈಲೆನ್ಸರ್ ಕೆಳಗೆ ಹೋಗುವ ಮೊದಲು ಗಾಳಿ ಒಳಗೆ ಬರುವ ಕಡೆ ನೋಡಿ. ಇದು ದುಡ್ಡು ಖರ್ಚಿಲ್ಲದ ಕೆಲಸ. ತೊಗರಿ ರಾಶಿ ನಡೆಯುವಾಗ ಗಾಡಿಯನ್ನು ಕಣದಲ್ಲೇ ನಿಲ್ಲಿಸುತ್ತೀರಿ. ಆ ಹೊಟ್ಟು, ಆ ದೂಳು ಏರ್ ಫಿಲ್ಟರ್‌ಗೆ ಹೋಗದೆ ಎಲ್ಲಿಗೆ ಹೋಗಬೇಕು? ಮೇಲಿಂದ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ದೂಳು. ಫಿಲ್ಟರ್ ತೆಗೆದು ಸೂರ್ಯನಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಮತ್ತೆ ಹಾಕಬೇಡಿ, ಕಾಗದ ತೂತಾಗುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿ ವರ್ಷವಾಗಿದ್ದರೆ ಅದನ್ನೂ ಮುಗಿಸಿಬಿಡಿ.

ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಇದೆಯಲ್ಲ, ಅದನ್ನು ಬೆರಳಲ್ಲಿ ಒತ್ತಿ ನೋಡಿ. ಹಳೆಯದಾದರೆ ಅದು ಮೆತ್ತಗಾಗುತ್ತದೆ. ಐಡಲ್‌ನಲ್ಲಿ ದುಂಡಗೆ ಕಾಣುತ್ತದೆ. ಮಗನಿಗೋ ಕ್ಲೀನರ್‌ಗೋ ರೇಸ್ ಕೊಡಲು ಹೇಳಿ, ನೀವು ಬಾನೆಟ್ ಎತ್ತಿ ಅದನ್ನೇ ನೋಡುತ್ತ ನಿಲ್ಲಿ. ರೇಸ್ ಏರಿದ ಹಾಗೆ ಹೋಸ್ ಬದಿಗಳು ಒಳಗೆ ಹೋಗಿ ಚಪ್ಪಟೆಯಾದರೆ, ರೇಸ್ ಬಿಟ್ಟ ತಕ್ಷಣ ಮತ್ತೆ ಉಬ್ಬಿದರೆ, ನಿಮ್ಮ ಕಳ್ಳ ಅಲ್ಲೇ ಸಿಕ್ಕ. ಟರ್ಬೊದಿಂದ ಇಂಜಿನ್‌ಗೆ ಹೋಗುವ ಹೋಸ್‌ಗಳ ತೊಂದರೆ ಬೇರೆ. ಅವು ಸೀಳುತ್ತವೆ. ಸೀಳಿನ ಸುತ್ತ ಎಣ್ಣೆ ಮತ್ತು ದೂಳು ಸೇರಿ ಕಪ್ಪು ಪಟ್ಟಿ ಕಟ್ಟಿರುತ್ತದೆ, ಲೋಡ್‌ನಲ್ಲಿ ಸುಂಯ್ ಅಂತ ಗಾಳಿ ಸೋರುವ ಸದ್ದು ಬರುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಇಂಥದ್ದೇ ಪಿಕಪ್ ಬಂದಿತ್ತು. ನಮ್ಮಲ್ಲೇ ಹೋಸ್ ಬದಲಿಸಿ ಕಳಿಸಿದ್ದ ಗಾಡಿ, ವಾರದಲ್ಲಿ ವಾಪಸ್ ಬಂತು. ಎಳೆಯುವುದಿಲ್ಲ, ಹೊಗೆ. ನಾನು ನೇರವಾಗಿ ಕ್ಯಾಟ್‌ಕಾನ್ ಅಂದೆ. ಹೊಸದು ತರಿಸಿ ಹಾಕಿಸಿದೆ. ಗಾಡಿ ಹಾಗೇ ಇತ್ತು. ಕೊನೆಗೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿದರೆ ಒಳಗೊಂದು ಚಿಂದಿ ಬಟ್ಟೆ. ದೂಳು ಹೋಗದಿರಲಿ ಅಂತ ನಮ್ಮ ಹುಡುಗ ತುರುಕಿದ್ದ, ತೆಗೆಯುವುದು ಮರೆತಿದ್ದ. ಕ್ಯಾಟ್‌ಕಾನ್ ದುಡ್ಡು ನನ್ನ ಕೈಯಿಂದ ಹೋಯಿತು. ಆಮೇಲಿಂದ ಬಂದ ಗಿರಾಕಿಗೆ ನಾನು ಮೊದಲು ಕೇಳುವ ಪ್ರಶ್ನೆ: ಎಳೆತ ಕಡಿಮೆಯಾಗುವ ಮೊದಲು ಗಾಡಿಗೆ ಏನು ಕೆಲಸ ಮಾಡಿಸಿದ್ದಿರಿ? ನೀವೂ ಇದಕ್ಕೆ ಉತ್ತರ ನೆನಪು ಮಾಡಿಕೊಳ್ಳಿ.

ಇಷ್ಟೆಲ್ಲ ಸರಿ ಇದ್ದರೆ ಈಗ ಗಾಡಿ ಕೆಳಗೆ ಹೋಗೋಣ.

ಕ್ಯಾಟ್‌ಕಾನ್ ಎಲ್ಲಿದೆ ಅಂತ ಮೊದಲು ಹುಡುಕಿ. ಟರ್ಬೊದಿಂದ ಇಳಿಯುವ ಪೈಪನ್ನು ಹಿಡಿದು ಹಿಂದೆ ಹೋದರೆ ಮೊದಲು ಸಿಗುವ ಉಬ್ಬಿದ ಡಬ್ಬಿ ಅದು. ಅದರ ಹಿಂದೆ ಸಿಗುವ ದೊಡ್ಡದು ಸೈಲೆನ್ಸರ್. ನಮ್ಮ ಕಡೆ ಎಲ್ಲದಕ್ಕೂ ಸೈಲೆನ್ಸರ್ ಅಂತಲೇ ಹೇಳುವುದರಿಂದ ಗೊಂದಲವಾಗುತ್ತದೆ. ಈಗ ಪರೀಕ್ಷೆ ಸುಲಭ: ಕ್ಯಾಟ್‌ಕಾನ್ ಮುಂದಿನ ಜಾಯಿಂಟ್ ಬಿಚ್ಚಿ, ಲೋಡ್ ಹಾಕಿ ಗಾಡಿ ಓಡಿಸಿ. ಎಳೆತ ವಾಪಸ್ ಬಂದರೆ ದಾರಿ ಕಟ್ಟಿದ್ದು ಖಚಿತ. ಬರದಿದ್ದರೆ ಕ್ಯಾಟ್‌ಕಾನ್ ಮೇಲಿನ ಆರೋಪ ಬಿಡಿ, ಟರ್ಬೊ ಮತ್ತು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕಡೆ ಹೋಗಿ.

‘ಮುಂದಿನ’ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಹಿಂದಿನ ಜಾಯಿಂಟ್‌ನ ಬೋಲ್ಟ್ ಕೈಗೆ ಸಿಗುತ್ತದೆ, ಮುಂದಿನದು ಮೂಲೆಯಲ್ಲಿರುತ್ತದೆ. ಹಾಗಾಗಿ ಬಹಳ ಜನ ಹಿಂದಿನದನ್ನು ಬಿಚ್ಚಿ, ‘ನೋಡಿ, ಏನೂ ಫರಕ್ ಆಗಲಿಲ್ಲ’ ಅನ್ನುತ್ತಾರೆ. ಹೊಗೆ ಆಗಲೇ ಕ್ಯಾಟ್‌ಕಾನ್ ದಾಟಿ ಬಂದಿದೆ, ಫರಕ್ ಹೇಗೆ ಆಗಬೇಕು? ಹಿಂದಿನದನ್ನು ಬಿಚ್ಚಿದರೆ ಗೊತ್ತಾಗುವುದು ಸೈಲೆನ್ಸರ್ ಒಳಗಿನ ತಗಡು ಕಳಚಿ ದಾರಿ ಮುಚ್ಚಿದೆಯೋ ಇಲ್ಲವೋ ಅನ್ನುವುದು ಮಾತ್ರ. ಅದೂ ಆಗುವ ಕೆಲಸವೇ. ಆದ್ದರಿಂದ ಎರಡನ್ನೂ ಮಾಡಿ, ಹಿಂದಿನದು ಮೊದಲು, ಮುಂದಿನದು ಆಮೇಲೆ.

ಬೋಲ್ಟ್‌ಗಳು ತುಕ್ಕು ಹಿಡಿದು ಕಲ್ಲಾಗಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ರಿಂಗ್ ಪಾನಾ ಹಾಕಿ ಮೊದಲು ಕೊಂಚ ಬಿಗಿ ಮಾಡುವ ಕಡೆ ತಿರುಗಿಸಿ, ಟಕ್ ಅಂದ ಮೇಲೆ ಬಿಚ್ಚುವ ಕಡೆ. ನೇರ ಬಿಚ್ಚಲು ಹೋದರೆ ಸ್ಟಡ್ ಮುರಿದು ಅರ್ಧ ದಿನ ಹೋಗುತ್ತದೆ. ಗಾಡಿಯನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಇಡಿ, ಗಾಲಿಗೆ ಕಲ್ಲು ಕೊಡಿ. ಇಂಜಿನ್ ಪೂರ್ತಿ ತಣ್ಣಗಿರಲಿ.

ಜಾಯಿಂಟ್ ತೆರೆದು ಓಡಿಸುವಾಗ ಎರಡು ಮೂರು ಕಿಲೋಮೀಟರ್ ಸಾಕು. ಕಿವಿ ಗಡಚಿಕ್ಕುವ ಸದ್ದು ಬರುತ್ತದೆ, ಹೆದರಬೇಡಿ. ಹೆದರಬೇಕಾದ್ದು ಬೆಂಕಿಗೆ. ನೂರಾರು ಡಿಗ್ರಿ ಬಿಸಿಯ ಹೊಗೆ ನೇರವಾಗಿ ಗಾಡಿಯ ಹೊಟ್ಟೆ ಕೆಳಗೆ ಬೀಳುತ್ತದೆ. ಅದು ಬ್ರೇಕ್ ಪೈಪ್, ವೈರ್, ಡೀಸೆಲ್ ಪೈಪ್ ಕಡೆ ಹೊಡೆಯದ ಹಾಗೆ ಪೈಪ್ ತಿರುಗಿಸಿ ತಂತಿ ಕಟ್ಟಿ. ಕಣದ ಹತ್ತಿರ, ಒಣ ತೊಗರಿ ಕಟ್ಟಿಗೆ ಬಿದ್ದ ಕಡೆ ಗಾಡಿ ಒಯ್ಯಲೇಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಕಿಟಕಿಗಳು ತೆರೆದಿರಲಿ. ಬಿಚ್ಚುವ ಮುಂಚೆಯೂ ಆಮೇಲೂ ಅದೇ ರಸ್ತೆ, ಅದೇ ಲೋಡ್ ಇರಬೇಕು. ಖಾಲಿ ಗಾಡಿಯಲ್ಲಿ ನೋಡಿದರೆ ಪರೀಕ್ಷೆ ಮಾಡಿದ್ದೇ ದಂಡ.

ಕೆಲವು ಗಾಡಿಗಳಲ್ಲಿ ಕ್ಯಾಟ್‌ಕಾನ್ ಟರ್ಬೊ ಬಾಯಿಗೇ ಅಂಟಿರುತ್ತದೆ, ಮುಂದೆ ಜಾಯಿಂಟ್ ಬಿಚ್ಚಿ ಓಡಿಸುವ ಹಾಗಿರುವುದಿಲ್ಲ. ಆಗ ಒತ್ತಡದ ಗೇಜ್ ಬೇಕು, 0ಯಿಂದ 15 ಪಿಎಸ್‌ಐ ತೋರಿಸುವ ಚಿಕ್ಕದು. ಕ್ಯಾಟ್‌ಕಾನ್‌ಗಿಂತ ಮುಂಚೆ ಸೆನ್ಸರ್ ಇದ್ದರೆ ಅದನ್ನು ತೆಗೆದು ಅದೇ ತೂತಿಗೆ ಹಚ್ಚಬಹುದು. ಇಲ್ಲದಿದ್ದರೆ ಪೈಪಿಗೆ ಒಂದು ನಟ್ ವೆಲ್ಡ್ ಮಾಡಿಸಿ ತೂತು ಹಾಕಿ, ಕೆಲಸ ಮುಗಿದ ಮೇಲೆ ಬೋಲ್ಟ್ ಹಾಕಿ ಮುಚ್ಚಿ. ಗೇಜನ್ನು ನೇರ ಹಚ್ಚಿದರೆ ಸುಟ್ಟುಹೋಗುತ್ತದೆ, ನಡುವೆ ಒಂದು ಮೀಟರ್ ತಾಮ್ರದ ಕೊಳವೆ ಇರಲಿ. ಐಡಲ್‌ನಲ್ಲಿ ಮುಳ್ಳು ಒಂದೂವರೆ ಪಿಎಸ್‌ಐ ಒಳಗೆ, 2,500 ಸುತ್ತಿನಲ್ಲಿ ಮೂರರ ಒಳಗೆ ಇರಬೇಕು. ಇದು ಮೂಲತಃ ಪೆಟ್ರೋಲ್ ಗಾಡಿಗೆ ಹೇಳುವ ಅಂದಾಜು, ಸಿಎನ್‌ಜಿ ಪಿಕಪ್ ಇದ್ದವರೂ ಇದನ್ನೇ ಹಿಡಿಯಬಹುದು. ಡೀಸೆಲ್‌ಗೂ ನಾನು ಖಾಲಿ ರೇಸ್‌ನಲ್ಲಿ ಮೂರು ದಾಟಿದರೆ ಅನುಮಾನ ಪಡುತ್ತೇನೆ, ಐದು ದಾಟಿದರೆ ಬಿಚ್ಚಿಸುತ್ತೇನೆ. ಅಂಕಿಗಿಂತ ಮುಳ್ಳಿನ ನಡತೆ ನೋಡಿ. ಒಂದೇ ರೇಸ್ ಹಿಡಿದಿಟ್ಟರೂ ಅದು ಸುಮ್ನೆ ಮೇಲೆ ಮೇಲೆ ತೆವಳುತ್ತಿದ್ದರೆ ಹಿಂದೆ ದಾರಿ ಇಲ್ಲ ಅಂತ ಅರ್ಥ.

ಬಿಸಿ ಅಳೆಯುವ ಗನ್ ತೋರಿಸಿ ‘ಮುಂದೆ ಇಷ್ಟು, ಹಿಂದೆ ಇಷ್ಟು, ಅದಕ್ಕೇ ಜಾಮ್’ ಅನ್ನುವವರಿದ್ದಾರೆ. ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಡಬ್ಬಿಯ ಮೇಲೆ ತಗಡಿನ ಹೊದಿಕೆ ಇರುತ್ತದೆ, ಗನ್ ಅಳೆಯುವುದು ಹೊದಿಕೆಯ ಬಿಸಿಯನ್ನು. ಸ್ಕ್ಯಾನರ್ ಕೂಡ ಇಲ್ಲಿ ಅರ್ಧ ಸಹಾಯ. ಕ್ಯಾಟ್‌ಕಾನ್ ಕೆಟ್ಟಿದೆ ಅನ್ನುವ ಪಿ0420 ಕೋಡ್ ಹೆಚ್ಚಾಗಿ ಕಾಣುವುದು ಮುಂದೆ ಹಿಂದೆ ಆಕ್ಸಿಜನ್ ಸೆನ್ಸರ್ ಇರುವ ಪೆಟ್ರೋಲ್ ಗಾಡಿಯಲ್ಲಿ. ಅದು ಹೇಳುವುದೂ ಹೊಗೆ ಶುದ್ಧವಾಗುತ್ತಿಲ್ಲ ಅಂತ, ದಾರಿ ಕಟ್ಟಿದೆ ಅಂತಲ್ಲ. ಪಿಯುಸಿ ಪಾಸಾಗಿದೆ ಅಂತಲೂ ನೆಮ್ಮದಿ ಪಡಬೇಡಿ. ಆ ಯಂತ್ರ ನಿಂತ ಗಾಡಿಯ ಹೊಗೆ ಎಷ್ಟು ದಟ್ಟ ಅಂತ ನೋಡುತ್ತದೆ, ಬಿಎಸ್4 ಡೀಸೆಲ್‌ಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ನಿಮ್ಮ ಗಾಡಿ ಕಷ್ಟಪಡುವುದು ಲೋಡ್‌ನಲ್ಲಿ.

ಕೈಯಲ್ಲಿ ಹಿಡಿದು ನೋಡುವುದರಷ್ಟು ಖಚಿತ ಯಾವುದೂ ಇಲ್ಲ. ಕ್ಯಾಟ್‌ಕಾನ್ ಹೊರಗೆ ಬಂದ ಮೇಲೆ ಅಲ್ಲಾಡಿಸಿ. ಗಲಗಲ ಅಂದರೆ ಒಳಗಿನ ಇಟ್ಟಿಗೆ ಒಡೆದಿದೆ. ಇಟ್ಟಿಗೆ ಅಂತ ನಾವು ಅನ್ನುವುದು, ನಿಜವಾಗಿ ಅದು ಜೇನುಹುಟ್ಟಿನ ಹಾಗೆ ಸಾವಿರಾರು ಸಣ್ಣ ಕಿಂಡಿಗಳ ಪಿಂಗಾಣಿ ಗಟ್ಟಿ. ಕಿಂಡಿಯ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹದ ತೆಳು ಲೇಪ ಇರುತ್ತದೆ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಸರಿ ಇದ್ದರೆ ಜರಡಿಯಲ್ಲಿ ಕಂಡ ಹಾಗೆ ಎಲ್ಲ ಕಡೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಡಬ್ಬಿ ಬಾಗಿದ್ದು ಟಾರ್ಚ್ ಬೆಳಕು ಹಾಯದಿದ್ದರೆ ಮುಂದಿನ ಮುಖವನ್ನಾದರೂ ನೋಡಿ. ಅಲ್ಲಿ ಕಾಣುವ ಬಣ್ಣ ಅರ್ಧ ಕಥೆ ಹೇಳುತ್ತದೆ. ಒಣಗಿದ ಕಪ್ಪು ಮಸಿ, ಬೆರಳಿಗೆ ಹತ್ತಿ ಉದುರುವಂಥದ್ದು ಇದ್ದರೆ ಡೀಸೆಲ್ ಜಾಸ್ತಿ ಬಂದಿದೆ ಅಥವಾ ಗಾಳಿ ಕಡಿಮೆ ಬಂದಿದೆ. ಜಿಡ್ಡು ಜಿಡ್ಡಾದ ಕಪ್ಪು ಅಂದರೆ ಇಂಜಿನ್ ಆಯಿಲ್ ಬರುತ್ತಿದೆ. ಗಟ್ಟಿ ಬೂದು ಪದರ ಅಂದರೆ ಬಹಳ ದಿನದಿಂದ ಆಯಿಲ್ ಸುಟ್ಟು ಉಳಿದ ಬೂದಿ. ಕಿಂಡಿಗಳು ಕರಗಿ ಗಾಜಿನ ಹಾಗೆ ಒಂದಾಗಿದ್ದರೆ ಸುಡದ ಇಂಧನ ಅಲ್ಲಿ ಹೋಗಿ ಉರಿದಿದೆ.

ನನ್ನ ಗಿರಾಕಿಗಳು ಬಹಳ ಮಂದಿ ದುಡ್ಡು ಕಳೆದುಕೊಂಡದ್ದು ಇದಾದ ಮೇಲೆ. ಕ್ಯಾಟ್‌ಕಾನ್ ತಾನಾಗಿ ಕಟ್ಟುವುದಿಲ್ಲ. ಅದಕ್ಕೆ ಮೇಲಿಂದ ಯಾರೋ ಕಸ ಸುರಿದಿರುತ್ತಾರೆ. ಆ ಕಸ ನಿಲ್ಲಿಸದೆ ಹೊಸದು ಹಾಕಿದರೆ ಅದೂ ಕಟ್ಟುತ್ತದೆ. ಮಸಿ ಒಣಗಿದ್ದಾದರೆ ಇಂಜೆಕ್ಟರ್ ಮತ್ತು ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ ಒಳಗೆ ಕಳಿಸುವ ವ್ಯವಸ್ಥೆ) ನೋಡಿ. ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿದ್ದರೆ ಒಳಗೆ ಗಾಳಿಯ ಬದಲು ಹೊಗೆಯೇ ಹೋಗುತ್ತಿರುತ್ತದೆ. ಇಂಜೆಕ್ಟರ್‌ಗೆ ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪನ್ನು ನಾಲ್ಕು ನೀರಿನ ಬಾಟಲಿಗೆ ಬಿಟ್ಟು ಒಂದೆರಡು ನಿಮಿಷ ಇಂಜಿನ್ ಓಡಿಸಿದರೆ ಯಾವುದು ಜಾಸ್ತಿ ಹಿಂದೆ ಬಿಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ತುದಿಯಲ್ಲಿ ತೊಟ್ಟಿಕ್ಕುವ ಇಂಜೆಕ್ಟರ್ ಈ ಬಾಟಲಿಯಲ್ಲಿ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಪಂಪ್-ನೋಜಲ್ ಅಂಗಡಿಯ ಬೆಂಚೇ ಬೇಕು. ಜಿಡ್ಡು ಮಸಿಯಾದರೆ ಟರ್ಬೊ ಸೀಲ್ ಮತ್ತು ಪಿಸ್ಟನ್ ರಿಂಗ್. 2.6 ಲಕ್ಷ ಓಡಿದ ಇಂಜಿನ್, ಆಯಿಲ್ ಎಷ್ಟು ಕುಡಿಯುತ್ತಿದೆ ಅಂತ ನಿಮಗೇ ಗೊತ್ತಿರಬೇಕು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಮೇಲ್ಪಟ್ಟು ಸುರಿಯುತ್ತಿದ್ದರೆ ಕ್ಯಾಟ್‌ಕಾನ್ ಅಂಗಡಿಗೆ ಹೋಗುವ ಮೊದಲು ಇಂಜಿನ್ ಬಗ್ಗೆ ಯೋಚಿಸಿ.

ತೊಳೆಯಬಹುದಾ ಅಂತ ಕೇಳುತ್ತೀರಿ, ಗೊತ್ತು. ಒಣ ಮಸಿ ಬರೀ ಮುಖದ ಮೇಲೆ ಇದ್ದರೆ ಮೆಲ್ಲಗೆ ಕೆರೆದು, ಹಿಂದಿನಿಂದ ಮುಂದಕ್ಕೆ ಗಾಳಿ ಹೊಡೆದು, ಕಾರಣ ಸರಿ ಮಾಡಿ, ಹೆದ್ದಾರಿಯಲ್ಲಿ ಒಂದು ಗಂಟೆ ಲೋಡ್‌ನಲ್ಲಿ ಓಡಿಸಿದರೆ ಉಳಿದದ್ದು ಸುಟ್ಟು ಹೋಗುವ ಸಾಧ್ಯತೆ ಇದೆ. ಬೂದಿ ಸುಡುವುದಿಲ್ಲ, ಕರಗಿದ್ದು ತಿರುಗಿ ಬರುವುದಿಲ್ಲ. ಆಸಿಡ್ ಹಾಕಿ ತೊಳೆದರೆ ಡಬ್ಬಿ ಹೊಳೆಯುತ್ತದೆ, ಲೇಪ ಹೋಗುತ್ತದೆ. ಬಿಸಿ ಇದ್ದಾಗ ನೀರು ಸುರಿದರೆ ಪಿಂಗಾಣಿ ಬಿರುಕು ಬಿಡುತ್ತದೆ.

ಒಡೆದು ಖಾಲಿ ಮಾಡುವ ಬಗ್ಗೆ. ಮಾಡಿಸಬೇಡಿ. ನಿಮ್ಮ ಗಾಡಿಯಲ್ಲಿ ಎಚ್ಚರಿಕೆಯ ಇಂಜಿನ್ ಲೈಟ್ ಬರದೇ ಇರಬಹುದು, ಎಳೆತವೂ ಬರುತ್ತದೆ, ಅದಕ್ಕೇ ಮಿಸ್ತ್ರಿಗಳಿಗೆ ಅದು ಇಷ್ಟ. ಆದರೆ ಆ ಹೊಗೆ ಹೋಗುವುದು ಗಂಜಿನಲ್ಲಿ ಚೀಲ ಹೊರುವ ಹಮಾಲರ ಮೂಗಿಗೆ. ಕಾನೂನೂ ಸುಮ್ನೆ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಮಾಲಿನ್ಯ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸ್ ಮೂರು ತಿಂಗಳು ಅಮಾನತು ಆಗಬಹುದು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಆಗಬೇಕು, ನಿಮ್ಮದು ಆ ಸಾಲಿಗೆ ಬಂದಿದೆ. ಮತ್ತೊಂದು ಮಾತು: ಖಾಲಿ ಮಾಡಿದರೆ ಇಂಜೆಕ್ಟರ್ ತೊಟ್ಟಿಕ್ಕುವುದೂ, ಆಯಿಲ್ ಸುಡುವುದೂ ಮುಚ್ಚಿಹೋಗುತ್ತದೆ. ಮುಂದೆ ಒಂದು ದಿನ ಪಿಸ್ಟನ್ ಹೋದಾಗ ಗೊತ್ತಾಗುತ್ತದೆ.

ಹೊಸದು ಕೊಳ್ಳಬೇಕಾಗಿ ಬಂದರೆ ಅಂಗಡಿಯಲ್ಲೇ ಟಾರ್ಚ್ ಬಿಟ್ಟು ಒಳಗೆ ನೋಡಿ. ಅಗ್ಗದ ಮಾಲಿನಲ್ಲಿ ಹೊರಗೆ ಡಬ್ಬಿ ಇದ್ದು ಒಳಗೆ ಕಿಂಡಿಗಳೇ ಇಲ್ಲದ್ದೂ ಸಿಗುತ್ತವೆ. ಹಳೆಯದನ್ನು ‘ಇದೇನ್ ಕಸ ಬಿಡ್ರಿ, ಇಲ್ಲೇ ಇರಲಿ’ ಅಂದರೆ ಬಿಟ್ಟು ಬರಬೇಡಿ. ಒಳಗಿನ ಲೋಹಕ್ಕಾಗಿ ಗುಜರಿಯವರು ಅದಕ್ಕೆ ದುಡ್ಡು ಕೊಡುತ್ತಾರೆ, ಆ ದುಡ್ಡು ನಿಮ್ಮದು. ಕೂರಿಸುವಾಗ ಹಳೆ ಪ್ಯಾಕಿಂಗ್ ಮತ್ತೆ ಹಾಕಲು ಬಿಡಬೇಡಿ, ಬೋಲ್ಟ್‌ಗಳೂ ಹೊಸದಿರಲಿ. ಎರಡು ದಿನ ಓಡಿಸಿದ ಮೇಲೆ ಗಾಡಿ ತಣ್ಣಗಿರುವಾಗ ಒಮ್ಮೆ ಕೆಳಗೆ ಹೋಗಿ ಬೋಲ್ಟ್ ಮತ್ತೆ ಬಿಗಿ ಮಾಡಿ. ಜಾಯಿಂಟ್ ಸುತ್ತ ಕಪ್ಪು ಗೆರೆ ಕಂಡರೆ ಅಲ್ಲಿಂದ ಹೊಗೆ ಸೋರುತ್ತಿದೆ.